ಬ್ಯಾಕಪ್ ಸ್ಥಿತಿ ಸಂದೇಶಗಳು: ವರ್ತಕರು ಉಳಿಸಿಕೊಳ್ಳಬೇಕಾದ ದಾಖಲೆ

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ದಾರಿಯಲ್ಲಿ ಸಿಗುವ ಹಂಪಾಪುರದಂತಹ ಹೋಬಳಿ ಕೇಂದ್ರದಲ್ಲಿಯೂ ರಸಗೊಬ್ಬರ, ಬಿತ್ತನೆ ಬೀಜ, ಕಬ್ಬಿಣ ಹಾಗೂ ಸಿಮೆಂಟಿನ ಲೆಕ್ಕಪತ್ರಗಳು ಕೆಂಪು ಬಟ್ಟೆಯ ಖಾತೆ ಪುಸ್ತಕದಿಂದ ಗಣಕಯಂತ್ರಕ್ಕೆ ವರ್ಗಾವಣೆಗೊಂಡಿವೆ. ಹುಣಸೂರು ಮತ್ತು ಪಿರಿಯಾಪಟ್ಟಣದ ಹೊಗೆಸೊಪ್ಪು, ಕೃಷ್ಣರಾಜನಗರದ ಭತ್ತ ಮತ್ತು ಅಕ್ಕಿ ಗಿರಣಿ, ಕೋಟೆ ಸೀಮೆಯ ಹತ್ತಿ, ಇವೆಲ್ಲವೂ ಬೆಳೆ ಕೈಗೆ ಬರುವವರೆಗೆ ಉದ್ದರಿಯ ಮೇಲೆ ನಡೆಯುವ ವ್ಯವಹಾರಗಳು. ಮುಂಗಾರಿನ ಆರಂಭದಲ್ಲಿ ಕೊಟ್ಟ ಗೊಬ್ಬರದ ಹಣವು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಲ್ಲಿ ಬೇಲುಗಳು ಮಾರಾಟವಾದ ನಂತರ ಬರುವುದು ವಾಡಿಕೆ. ಈ ನಡುವಿನ ತಿಂಗಳುಗಳಲ್ಲಿ ಯಾರಿಂದ ಎಷ್ಟು ಬರಬೇಕು ಎಂಬುದಕ್ಕೆ ಇರುವ ಸಾಕ್ಷಿ ಅಂಗಡಿಯ ಗಣಕಯಂತ್ರವೊಂದೇ.

ಜಿ.ಎಸ್.ಟಿ. ಜಾಲತಾಣದಲ್ಲಿ ಎಲ್ಲವೂ ಇದೆ, ಗಣಕಯಂತ್ರ ಕೆಟ್ಟರೆ ಅಲ್ಲಿಂದ ತೆಗೆದುಕೊಳ್ಳಬಹುದು ಎಂಬ ನಂಬಿಕೆ ಅನೇಕ ವರ್ತಕರಲ್ಲಿದೆ. ಇದು ಅರ್ಧ ಸತ್ಯ. ನೋಂದಾಯಿತ ವ್ಯಾಪಾರಿಗೆ ಮಾಡಿದ ಮಾರಾಟದ ಬಿಲ್ಲುವಾರು ವಿವರ ಅಲ್ಲಿ ದೊರೆಯುತ್ತದೆ. ನೋಂದಣಿಯಿಲ್ಲದ ರೈತನಿಗೆ ಮಾಡಿದ ಸಣ್ಣ ಮಾರಾಟಗಳು ತೆರಿಗೆ ದರವಾರು ಒಟ್ಟು ಮೊತ್ತವಾಗಿ ಮಾತ್ರ ಸಲ್ಲಿಕೆಯಾಗಿರುತ್ತವೆ. ರೈತನ ಹೆಸರಾಗಲಿ, ಅವನು ಕೊಟ್ಟ ಮುಂಗಡವಾಗಲಿ, ಉಳಿಸಿಕೊಂಡ ಬಾಕಿಯಾಗಲಿ ಆ ಜಾಲತಾಣದಲ್ಲಿ ಇರುವುದಿಲ್ಲ. ಆದ್ದರಿಂದ ಬ್ಯಾಕಪ್, ಅಂದರೆ ದತ್ತಾಂಶದ ಕಾಪು ಪ್ರತಿ, ಸಣ್ಣ ವರ್ತಕನಿಗೆ ದೊಡ್ಡ ಕಂಪನಿಗಿಂತಲೂ ಹೆಚ್ಚು ಅವಶ್ಯ.

ಬ್ಯಾಕಪ್ ಮಾಡಬೇಕೆಂಬುದನ್ನು ಈಗ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಪ್ರಶ್ನೆ ಬೇರೆಯದು. ಬ್ಯಾಕಪ್ ಆಯಿತು ಎಂದು ಅಂಗಡಿಯ ಹುಡುಗನೋ ತಂತ್ರಾಂಶದ ಪರದೆಯೋ ಹೇಳಿದಾಗ, ಅದಕ್ಕೆ ಲಿಖಿತ ಆಧಾರವೇನು? ವೇಬ್ರಿಡ್ಜಿನಲ್ಲಿ ಲಾರಿ ತೂಗಿದ ಮೇಲೆ ತೂಕದ ಚೀಟಿ ಇಲ್ಲದೆ ಯಾವ ಗಿರಣಿಯ ಮಾಲೀಕನೂ ಭತ್ತದ ಹಣ ಪಾವತಿ ಮಾಡುವುದಿಲ್ಲ. ಬ್ಯಾಕಪ್ಪಿಗೂ ಅಂತಹುದೇ ಚೀಟಿಯೊಂದಿದೆ. ಡೇಟಾಬೇಸ್ ಸರ್ವರ್ ಅದನ್ನು ಪ್ರತಿ ಬಾರಿಯೂ ತಪ್ಪದೆ ಕೊಡುತ್ತದೆ. ಆದರೆ ಬಹುಪಾಲು ಕಡೆ ಅದನ್ನು ಯಾರೂ ಪಡೆದುಕೊಳ್ಳುವುದಿಲ್ಲ. ಆ ಚೀಟಿಯೇ ಸ್ಥಿತಿ ಸಂದೇಶ.

ಸಂದೇಶದಲ್ಲಿ ಏನಿರುತ್ತದೆ

ಬಿಲ್ಲಿಂಗ್, ದಾಸ್ತಾನು ಹಾಗೂ ಲೆಕ್ಕಪತ್ರದ ಅನೇಕ ತಂತ್ರಾಂಶಗಳ ಒಳಗೆ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್ ಎಂಬ ಡೇಟಾಬೇಸ್ ಇರುತ್ತದೆ. ಸಣ್ಣ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ ಕಾಣುವುದು ಅದರ ಉಚಿತ ಆವೃತ್ತಿಯಾದ ಎಕ್ಸ್‌ಪ್ರೆಸ್. ಇದಕ್ಕೆ ಬ್ಯಾಕಪ್ ಆದೇಶ ನೀಡಿದಾಗ ಅದು ಎರಡು ಕೆಲಸಗಳನ್ನು ಒಟ್ಟಿಗೆ ಮಾಡುತ್ತದೆ: ಒಂದು, ದತ್ತಾಂಶವನ್ನು ಫೈಲಿಗೆ ಬರೆಯುವುದು, ಎರಡು, ಆದೇಶ ಕೊಟ್ಟವರಿಗೆ ಕೆಲಸದ ಪ್ರಗತಿಯನ್ನು ತಿಳಿಸುವುದು. ಆದೇಶದೊಂದಿಗೆ ‘ಸ್ಟ್ಯಾಟ್ಸ್ = 10’ ಎಂಬ ಷರತ್ತನ್ನು ಸೇರಿಸಿದರೆ ಶೇಕಡಾ 10 ಮುಗಿಯಿತು, 20 ಮುಗಿಯಿತು ಎಂದು ಸಂದೇಶಗಳು ಬರುತ್ತವೆ. ಇವುಗಳ ಸಂಖ್ಯೆ 3211. ನಂತರ 4035 ಸಂಖ್ಯೆಯ ಸಂದೇಶ: ಇಂತಹ ಡೇಟಾಬೇಸಿನ ಇಂತಹ ಕಡತಕ್ಕಾಗಿ ಇಷ್ಟು ಪುಟಗಳನ್ನು ಇಷ್ಟನೆಯ ಫೈಲಿನಲ್ಲಿ ಬರೆಯಲಾಯಿತು. ಕೊನೆಯದು 3014: ಬ್ಯಾಕಪ್ ಯಶಸ್ವಿಯಾಗಿ ಮುಗಿದಿದೆ, ಒಟ್ಟು ಪುಟಗಳು ಇಷ್ಟು, ಹಿಡಿದ ಸಮಯ ಇಷ್ಟು ಸೆಕೆಂಡು.

ಈ ಸಂದೇಶಗಳು ಕೋಷ್ಟಕದ ಸಾಲುಗಳಾಗಿ ಬರುವುದಿಲ್ಲ. ಬಿಲ್ಲುಗಳ ಪಟ್ಟಿಯನ್ನು ಕೇಳಿದಾಗ ಸಾಲುಗಳು ಬರುವ ದಾರಿ ಒಂದು, ಈ ಸಂದೇಶಗಳು ಬರುವ ದಾರಿ ಇನ್ನೊಂದು. ತಂತ್ರಾಂಶ ಬರೆದವರು ಎರಡನೆಯ ದಾರಿಗೆ ಕಿವಿ ಕೊಡದಿದ್ದರೆ ಸಂದೇಶಗಳು ಬಂದ ಕ್ಷಣವೇ ಗಾಳಿಗೆ ಹೋಗುತ್ತವೆ. ಪರದೆಯ ಮೇಲೆ ಕಾಣುವ ‘ಬ್ಯಾಕಪ್ ಸಕ್ಸೆಸ್‌ಫುಲ್’ ಎಂಬ ಪೆಟ್ಟಿಗೆಯು ಅನೇಕ ವೇಳೆ ಸರ್ವರ್ ಹೇಳಿದ ಮಾತಾಗಿರುವುದಿಲ್ಲ. ಆದೇಶ ಕಳುಹಿಸಿದ ಮೇಲೆ ತೋರಿಸಬೇಕೆಂದು ತಂತ್ರಾಂಶದಲ್ಲಿ ಮೊದಲೇ ಬರೆದಿಟ್ಟ ವಾಕ್ಯವಾಗಿರುತ್ತದೆ. ತಂತ್ರಾಂಶದ ಮಾರಾಟಗಾರರನ್ನು ಕೇಳಬೇಕಾದ ಮೊದಲನೆಯ ಪ್ರಶ್ನೆಯೇ ಇದು: ಆ ಪೆಟ್ಟಿಗೆ 3014ನ್ನು ನೋಡಿದ ಮೇಲೆ ಬರುತ್ತದೆಯೋ, ಅಥವಾ ನೋಡದೆಯೂ ಬರುತ್ತದೆಯೋ?

ಯಶಸ್ಸಿನ ಸಂದೇಶವನ್ನೂ ಓದಬೇಕು

ಸಂದೇಶವು ಯಶಸ್ಸನ್ನು ಹೇಳಿದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ವಾಸ್ತವವಾಗಿ ಅತಿ ದೊಡ್ಡ ನಷ್ಟಗಳು ‘ಯಶಸ್ವಿ’ ಬ್ಯಾಕಪ್ಪುಗಳಿಂದಲೇ ಆಗುತ್ತವೆ. 4035 ಸಂಖ್ಯೆಯ ಆ ಒಂದು ಸಾಲಿನಲ್ಲಿ ಡೇಟಾಬೇಸಿನ ಹೆಸರು, ಪುಟಗಳ ಸಂಖ್ಯೆ ಮತ್ತು ಫೈಲಿನ ಕ್ರಮಸಂಖ್ಯೆ ಇರುತ್ತವೆ. ಮೂರನ್ನೂ ನೋಡುವ ಅಭ್ಯಾಸ ಬೇಕು.

ಮೊದಲು ಹೆಸರು. ನಮ್ಮಲ್ಲಿ ಬಳಕೆಯಲ್ಲಿರುವ ಹಲವು ತಂತ್ರಾಂಶಗಳು ಪ್ರತಿ ಹಣಕಾಸು ವರ್ಷಕ್ಕೂ ಹೊಸ ಡೇಟಾಬೇಸನ್ನು ತೆರೆಯುತ್ತವೆ. ಏಪ್ರಿಲ್ 1ರಂದು ವ್ಯವಹಾರವು ಹೊಸ ಡೇಟಾಬೇಸಿಗೆ ಬದಲಾಗುತ್ತದೆ. ಆದರೆ ರಾತ್ರಿ ಒಂಬತ್ತಕ್ಕೆ ತಾನಾಗಿಯೇ ನಡೆಯುವಂತೆ ಇಟ್ಟ ಬ್ಯಾಕಪ್ ಆದೇಶದಲ್ಲಿ ಹಳೆಯ ವರ್ಷದ ಹೆಸರೇ ಇರುತ್ತದೆ. ಹಂಪಾಪುರದ ಗೊಬ್ಬರದ ಅಂಗಡಿಯೊಂದನ್ನು ಊಹಿಸಿಕೊಳ್ಳೋಣ. ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ಪ್ರತಿ ರಾತ್ರಿಯೂ ಬ್ಯಾಕಪ್ ಯಶಸ್ವಿಯಾಗಿದೆ, ಪೆನ್ ಡ್ರೈವಿನಲ್ಲಿ ಫೈಲುಗಳು ಸಾಲಾಗಿ ಕೂತಿವೆ. ಹರಾಜು ಆರಂಭವಾಗಿ ವಸೂಲಿಯ ಕಾಲ ಬಂದಾಗ ಹಾರ್ಡ್ ಡಿಸ್ಕ್ ಕೈಕೊಡುತ್ತದೆ. ಪೆನ್ ಡ್ರೈವಿನಲ್ಲಿ ಇರುವುದೆಲ್ಲವೂ ಮಾರ್ಚ್ 31ಕ್ಕೆ ಮುಗಿದುಹೋದ ವರ್ಷದ ಲೆಕ್ಕ. ಮುಂಗಾರಿನ ಪೂರ್ತಿ ಉದ್ದರಿ ಹೋಯಿತು. ಸರ್ವರ್ ಯಾವ ರಾತ್ರಿಯೂ ಸುಳ್ಳು ಹೇಳಿರಲಿಲ್ಲ. ಯಾವ ಡೇಟಾಬೇಸ್ ಎಂಬುದನ್ನು ಸಂದೇಶದಲ್ಲಿ ಹೆಸರಿಸಿಯೇ ಹೇಳುತ್ತಿತ್ತು.

ಎರಡನೆಯದು ಪುಟಗಳು. ಎಸ್‌ಕ್ಯೂಎಲ್ ಸರ್ವರಿನಲ್ಲಿ ಒಂದು ಪುಟವೆಂದರೆ 8 ಕಿಲೋಬೈಟ್. ಸಂದೇಶದಲ್ಲಿ 25,600 ಪುಟಗಳೆಂದಿದ್ದರೆ ದತ್ತಾಂಶದ ಗಾತ್ರ 200 ಮೆಗಾಬೈಟ್. ಈ ಅಂಕಿಯನ್ನು ದಿನವೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಕೀರ್ದಿಯ ಶಿಲ್ಕಿನಂತೆ ಅದು ತಾನೇ ಮಾತನಾಡುತ್ತದೆ. ವ್ಯಾಪಾರ ನಡೆಯುತ್ತಿದ್ದರೆ ಅಂಕಿ ನಿಧಾನವಾಗಿ ಏರಬೇಕು. ಜಾಗವನ್ನು ಎಂಟು ಪುಟಗಳ ಕಟ್ಟುಗಳಾಗಿ ಹಂಚುವುದರಿಂದ ಒಂದೆರಡು ದಿನ ಬದಲಾಗದೆ ಇರಬಹುದು, ಅದರಲ್ಲಿ ಗಾಬರಿಯಿಲ್ಲ. ಹದಿನೈದು ದಿನವಾದರೂ ಒಂದು ಪುಟವೂ ಹೆಚ್ಚಾಗಿಲ್ಲವೆಂದರೆ ಹಳೆಯ ಡೇಟಾಬೇಸಿನ ಬ್ಯಾಕಪ್ ನಡೆಯುತ್ತಿದೆ ಎಂದೇ ಅನುಮಾನಿಸಬೇಕು. ಅಂಕಿ ಒಂದೇ ದಿನದಲ್ಲಿ ಅರ್ಧಕ್ಕೆ ಇಳಿದಿದ್ದರೆ ಯಾರೋ ಹಳೆಯ ದಾಖಲೆಗಳನ್ನು ಅಳಿಸಿದ್ದಾರೆ ಅಥವಾ ಖಾಲಿ ಡೇಟಾಬೇಸಿಗೆ ಸಂಪರ್ಕ ಹೋಗಿದೆ. ಲೆಕ್ಕಪತ್ರದ ಮನಸ್ಸುಳ್ಳವರಿಗೆ ಈ ಹೋಲಿಕೆ ಕಷ್ಟವೇನಲ್ಲ. ತಂತ್ರಜ್ಞರಿಗಿಂತ ಗುಮಾಸ್ತರೇ ಇದನ್ನು ಚೆನ್ನಾಗಿ ಮಾಡುತ್ತಾರೆ.

ಮೂರನೆಯದು, ಅತ್ಯಂತ ಅಲಕ್ಷ್ಯಕ್ಕೆ ಒಳಗಾದದ್ದು, ಫೈಲಿನ ಕ್ರಮಸಂಖ್ಯೆ. ದಿನವೂ ಒಂದೇ ಹೆಸರಿನ ಫೈಲಿಗೆ ಬ್ಯಾಕಪ್ ಮಾಡಿದರೆ ಹಳೆಯದನ್ನು ಅಳಿಸಿ ಹೊಸದನ್ನು ಬರೆಯುತ್ತದೆ ಎಂದು ಎಲ್ಲರೂ ಭಾವಿಸುತ್ತಾರೆ. ಎಸ್‌ಕ್ಯೂಎಲ್ ಸರ್ವರಿನ ಸಹಜ ನಡವಳಿಕೆ ಹಾಗಿಲ್ಲ. ‘ಇನಿಟ್’ ಎಂಬ ಷರತ್ತನ್ನು ಹೇಳದಿದ್ದರೆ ಅದು ಹಳೆಯದರ ಹಿಂದೆ ಹೊಸದನ್ನು ಸೇರಿಸುತ್ತಾ ಹೋಗುತ್ತದೆ. ಸಂದೇಶದಲ್ಲಿ ‘37ನೆಯ ಫೈಲಿನಲ್ಲಿ’ ಎಂದು ಬಂದರೆ ಒಂದೇ ಕಡತದೊಳಗೆ ಮೂವತ್ತೇಳು ದಿನಗಳ ಬ್ಯಾಕಪ್ ಇದೆ ಎಂದು ಅರ್ಥ. ಇದರಿಂದ ಡಿಸ್ಕ್ ತುಂಬುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಮರುಸ್ಥಾಪನೆಯ ದಿನ ಕಾದಿರುತ್ತದೆ. ರೀಸ್ಟೋರ್ ಆದೇಶ ನೀಡುವಾಗ ಎಷ್ಟನೆಯದು ಬೇಕೆಂದು ಹೇಳದಿದ್ದರೆ ಸರ್ವರ್ ಮೊದಲನೆಯದನ್ನೇ ತೆಗೆದುಕೊಳ್ಳುತ್ತದೆ; ಅಂದರೆ ಮೂವತ್ತೇಳು ದಿನಗಳ ಹಿಂದಿನ ಲೆಕ್ಕ. ಆಗಲೂ ಯಶಸ್ಸಿನ ಸಂದೇಶವೇ ಬರುತ್ತದೆ. ಆದರೆ ಅದರಲ್ಲಿ ‘1ನೆಯ ಫೈಲಿನಿಂದ’ ಎಂದಿರುತ್ತದೆ. ಗುಮಾಸ್ತರು ಕೊನೆಯ ಬಿಲ್ಲಿನ ಸಂಖ್ಯೆಯನ್ನು ನೋಡಿ ಬೆಚ್ಚಿಬಿದ್ದು, ಬ್ಯಾಕಪ್ ಹಾಳಾಗಿದೆ ಎಂದು ತೀರ್ಮಾನಿಸಿ, ಒಳ್ಳೆಯ ಪ್ರತಿಯಿದ್ದ ಅದೇ ಫೈಲನ್ನು ಅಳಿಸಿಬಿಡುವ ಸಂಭವವೂ ಇದೆ. ‘ಹೆಡರ್‌ಓನ್ಲಿ’ ಎಂಬ ಇನ್ನೊಂದು ರೀಸ್ಟೋರ್ ಆದೇಶವು ಫೈಲಿನಲ್ಲಿರುವ ಎಲ್ಲ ಪ್ರತಿಗಳ ಪಟ್ಟಿಯನ್ನೂ ದಿನಾಂಕ ಸಹಿತ ಕೊಡುತ್ತದೆ. ಅಳಿಸುವ ಮುನ್ನ ಅದನ್ನು ನೋಡುವುದು ಕ್ಷೇಮ.

ದಿನಕ್ಕೊಂದು ಹೆಸರು, ಅಂದರೆ ದಿನಾಂಕವನ್ನು ಸೇರಿಸಿದ ಫೈಲಿನ ಹೆಸರು ಇಟ್ಟರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ.

ವಿಫಲವಾದಾಗ ಕಾರಣ ಎಲ್ಲಿ ಹೋಗುತ್ತದೆ

ಬ್ಯಾಕಪ್ ವಿಫಲವಾದಾಗ ಸರ್ವರ್ ಸಾಮಾನ್ಯವಾಗಿ ಎರಡು ದೋಷ ಸಂದೇಶಗಳನ್ನು ಕಳುಹಿಸುತ್ತದೆ. ಮೊದಲನೆಯದರಲ್ಲಿ ಕಾರಣವಿರುತ್ತದೆ. ಉದಾಹರಣೆಗೆ 3201: ಬ್ಯಾಕಪ್ ಫೈಲನ್ನು ತೆರೆಯಲಾಗಲಿಲ್ಲ, ಆಪರೇಟಿಂಗ್ ಸಿಸ್ಟಮ್ ದೋಷ ಸಂಖ್ಯೆ ಇಂತಿಷ್ಟು. ಎರಡನೆಯದು 3013: ಬ್ಯಾಕಪ್ ಅಸಹಜವಾಗಿ ಕೊನೆಗೊಳ್ಳುತ್ತಿದೆ. ತಂತ್ರಾಂಶದ ಒಳಗೆ ದೋಷವನ್ನು ಹಿಡಿಯಲು ಬಳಸುವ ‘ಟ್ರೈ-ಕ್ಯಾಚ್’ ಎಂಬ ವ್ಯವಸ್ಥೆಯಲ್ಲಿ ದೋಷದ ವಾಕ್ಯವನ್ನು ಕೇಳಿದರೆ ಅದು ಕೊನೆಯ ಸಂದೇಶವನ್ನು ಮಾತ್ರ ಕೊಡುತ್ತದೆ. ಹೀಗಾಗಿ ವರ್ತಕನ ಕೈಗೆ ಬರುವುದು 3013 ಒಂದೇ. ಕೆಲಸ ಕೆಟ್ಟಿತು ಎಂದು ತಿಳಿಯುತ್ತದೆ, ಏಕೆ ಕೆಟ್ಟಿತು ಎಂದು ತಿಳಿಯುವುದಿಲ್ಲ. 2012ರ ಆವೃತ್ತಿಯಲ್ಲಿ ಬಂದ ‘ಥ್ರೋ’ ಎಂಬ ಆದೇಶವನ್ನು ಬಳಸಿದರೆ ಎರಡೂ ಸಂದೇಶಗಳು ಹೊರಗೆ ಬರುತ್ತವೆ. ತಂತ್ರಾಂಶವನ್ನು ನಿರ್ವಹಿಸುವವರು ಇದನ್ನು ಬಳಸಿದ್ದಾರೆಯೇ ಎಂದು ವಿಚಾರಿಸುವುದರಲ್ಲಿ ಸಂಕೋಚ ಬೇಡ.

ಆಪರೇಟಿಂಗ್ ಸಿಸ್ಟಮ್ ದೋಷ ಸಂಖ್ಯೆಗಳಲ್ಲಿ ಮೂರನ್ನು ನೆನಪಿಟ್ಟರೆ ಅಂಗಡಿಯ ಮಟ್ಟದ ಬಹಳಷ್ಟು ತೊಂದರೆ ಬಗೆಹರಿಯುತ್ತದೆ. 3 ಎಂದರೆ ಹೇಳಿದ ಜಾಗವೇ ಸಿಗಲಿಲ್ಲ. ಪೆನ್ ಡ್ರೈವ್ ಹಾಕಿಲ್ಲ ಅಥವಾ ಅದರ ಡ್ರೈವ್ ಅಕ್ಷರ ಬದಲಾಗಿದೆ. 5 ಎಂದರೆ ಬರೆಯಲು ಅನುಮತಿ ಇಲ್ಲ. ಇಲ್ಲಿ ಒಂದು ಮಾತು: ಫೈಲನ್ನು ಬರೆಯುವುದು ಗಣಕಯಂತ್ರದ ಮುಂದೆ ಕೂತಿರುವ ವ್ಯಕ್ತಿಯಲ್ಲ, ಸರ್ವರ್ ಎಂಬ ಸೇವೆ. ಕೂತಿರುವವರಿಗೆ ಫೋಲ್ಡರ್ ತೆರೆಯಲು ಬಂದರೂ ಸರ್ವರಿಗೆ ಬಾರದಿರಬಹುದು. 112 ಎಂದರೆ ಡಿಸ್ಕಿನಲ್ಲಿ ಜಾಗವಿಲ್ಲ.

ಇನ್ನು ಸದ್ದಿಲ್ಲದೆ ಬರುವ ವೈಫಲ್ಯವೊಂದಿದೆ. ಡಾಟ್‌ನೆಟ್ ವ್ಯವಸ್ಥೆಯಲ್ಲಿ ಬರೆದ ತಂತ್ರಾಂಶಗಳು ಸರ್ವರಿಗೆ ಆದೇಶ ಕೊಟ್ಟ ಮೇಲೆ ಉತ್ತರಕ್ಕಾಗಿ ಕಾಯುವ ಅವಧಿಯು, ಬೇರೆ ಹೇಳದಿದ್ದರೆ, 30 ಸೆಕೆಂಡು. ತಂತ್ರಾಂಶವನ್ನು ಅಳವಡಿಸಿದ ಮೊದಲ ವರ್ಷ ದತ್ತಾಂಶ ಚಿಕ್ಕದು, ಬ್ಯಾಕಪ್ ಎಂಟು ಸೆಕೆಂಡಿನಲ್ಲಿ ಮುಗಿಯುತ್ತದೆ. ಮೂರು ವರ್ಷದ ನಂತರ ವ್ಯಾಪಾರ ಬೆಳೆದು ಅದಕ್ಕೆ ನಲವತ್ತು ಸೆಕೆಂಡು ಬೇಕಾಗುತ್ತದೆ. ಮೂವತ್ತನೆಯ ಸೆಕೆಂಡಿಗೆ ತಂತ್ರಾಂಶವು ತಾಳ್ಮೆಗೆಟ್ಟು ಆದೇಶವನ್ನು ರದ್ದುಪಡಿಸುತ್ತದೆ. ಆ ದೋಷವನ್ನು ಕಾರ್ಯಕ್ರಮ ಬರೆದವರು ನುಂಗಿಹಾಕಿದ್ದರೆ ಯಾರಿಗೂ ತಿಳಿಯದು. ವ್ಯಾಪಾರ ಬೆಳೆದದ್ದೇ ಬ್ಯಾಕಪ್ ನಿಲ್ಲಲು ಕಾರಣವಾಗುವ ವಿಚಿತ್ರ ಇದು. 3014ರ ಸಾಲಿನಲ್ಲಿ ಬರುವ ಸೆಕೆಂಡುಗಳ ಅಂಕಿಯನ್ನು ಬರೆದಿಡುತ್ತಿದ್ದವರಿಗೆ ಇಪ್ಪತ್ತು, ಇಪ್ಪತ್ತೈದು ಎಂದು ಏರುವುದು ಮೊದಲೇ ಕಾಣುತ್ತದೆ. ಕಾಯುವ ಅವಧಿಯನ್ನು ಸೊನ್ನೆ ಮಾಡಿದರೆ ಮಿತಿಯಿಲ್ಲದೆ ಕಾಯುತ್ತದೆ. ಇದು ಒಂದು ಸಾಲಿನ ತಿದ್ದುಪಡಿ.

ಪೈಥಾನ್, ಪಿಎಚ್‌ಪಿ ಮೊದಲಾದವುಗಳಲ್ಲಿ ಬರೆದ ಕಾರ್ಯಕ್ರಮಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ಸರ್ವರ್ ಕಳುಹಿಸುವ ಸಂದೇಶಗಳನ್ನು ಕೊನೆಯವರೆಗೆ ಓದದೆ ಸಂಪರ್ಕವನ್ನು ಮುಚ್ಚಿದರೆ ಬ್ಯಾಕಪ್ ಅರ್ಧದಲ್ಲಿಯೇ ನಿಂತುಹೋಗುತ್ತದೆ. ಹೀಗೆ ಸಂದೇಶವನ್ನು ಕೇಳಿಸಿಕೊಳ್ಳುವುದು ಕೇವಲ ದಾಖಲೆಯ ವಿಷಯವಲ್ಲ, ಕೆಲಸ ಪೂರ್ಣಗೊಳ್ಳುವ ವಿಷಯವೂ ಹೌದು.

ಸಂದೇಶವನ್ನು ಹಿಡಿದಿಡುವ ವಿಧಾನ

ಎಕ್ಸ್‌ಪ್ರೆಸ್ ಆವೃತ್ತಿಯಲ್ಲಿ ನಿಗದಿತ ಸಮಯಕ್ಕೆ ಕೆಲಸ ನಡೆಸುವ ‘ಏಜೆಂಟ್’ ಎಂಬ ಸೌಲಭ್ಯ ಇಲ್ಲ. ಆದ್ದರಿಂದ ವಿಂಡೋಸಿನ ಟಾಸ್ಕ್ ಶೆಡ್ಯೂಲರ್ ಮೂಲಕ ‘ಎಸ್‌ಕ್ಯೂಎಲ್‌ಸಿಎಂಡಿ’ ಎಂಬ ಉಪಕರಣವನ್ನು ನಡೆಸುವುದು ಸರಳ ಮಾರ್ಗ. ಇದಕ್ಕೆ ಹೈಫನ್ನಿನೊಂದಿಗೆ ಸಣ್ಣಕ್ಷರದ ‘ಓ’ ಸೇರಿಸಿ ಒಂದು ಫೈಲಿನ ಹೆಸರು ಕೊಟ್ಟರೆ ಬಂದ ಸಂದೇಶಗಳೆಲ್ಲವೂ ಆ ಫೈಲಿಗೆ ಇಳಿಯುತ್ತವೆ. ಹಾಗೆಯೇ ಸಣ್ಣಕ್ಷರದ ‘ಬಿ’ ಸೇರಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಅದಿಲ್ಲದಿದ್ದರೆ ಬ್ಯಾಕಪ್ ವಿಫಲವಾದರೂ ಉಪಕರಣವು ಸೊನ್ನೆ ಎಂಬ ಸಂಕೇತದೊಂದಿಗೆ, ಅಂದರೆ ಎಲ್ಲವೂ ಸರಿಯಾಗಿದೆ ಎಂಬಂತೆ, ಮುಗಿಯುತ್ತದೆ. ಶೆಡ್ಯೂಲರ್ ಕೂಡ ಅದನ್ನೇ ನಂಬಿ ಯಶಸ್ಸು ಎಂದು ತೋರಿಸುತ್ತದೆ. ‘ಬಿ’ ಇದ್ದರೆ ವೈಫಲ್ಯಕ್ಕೆ 1 ಎಂಬ ಸಂಕೇತ ಬರುತ್ತದೆ. ಈ ಎರಡು ಅಕ್ಷರಗಳಿಗೆ ಹಣ ಖರ್ಚಿಲ್ಲ. ತಂತ್ರಾಂಶ ನೋಡಿಕೊಳ್ಳುವವರಿಗೆ ಹತ್ತು ನಿಮಿಷದ ಕೆಲಸ.

ಸ್ವಂತ ತಂತ್ರಾಂಶದ ಒಳಗಿನಿಂದಲೇ ಬ್ಯಾಕಪ್ ಮಾಡುವವರಿಗೆ ಡಾಟ್‌ನೆಟ್‌ನಲ್ಲಿ ‘ಇನ್ಫೋಮೆಸೇಜ್’ ಎಂಬ ಘಟನೆ ಇದೆ. ಸಂದೇಶ ಬಂದಾಗಲೆಲ್ಲ ಅದು ಎಚ್ಚರಿಸುತ್ತದೆ, ಅಲ್ಲಿಂದ ಫೈಲಿಗೆ ಬರೆದುಕೊಳ್ಳಬಹುದು.

ಸಂದೇಶವನ್ನು ಇದುವರೆಗೆ ಉಳಿಸಿಕೊಳ್ಳದವರು ನಿರಾಶರಾಗಬೇಕಾಗಿಲ್ಲ. ಸರ್ವರ್ ತನ್ನದೇ ಆದ ಕೀರ್ದಿಯನ್ನು ಇಡುತ್ತದೆ. ‘ಎಂಎಸ್‌ಡಿಬಿ’ ಎಂಬ ಡೇಟಾಬೇಸಿನಲ್ಲಿರುವ ‘ಬ್ಯಾಕಪ್‌ಸೆಟ್’ ಎಂಬ ಕೋಷ್ಟಕದಲ್ಲಿ ಮುಗಿದ ಪ್ರತಿ ಬ್ಯಾಕಪ್ಪಿನ ಆರಂಭ, ಅಂತ್ಯ ಹಾಗೂ ಗಾತ್ರ ಇರುತ್ತವೆ. ಮರುಸ್ಥಾಪನೆಗಳದು ‘ರೀಸ್ಟೋರ್‌ಹಿಸ್ಟರಿ’ಯಲ್ಲಿ. ಆದರೆ ವಿಫಲವಾದ ಬ್ಯಾಕಪ್ಪುಗಳು ಈ ಕೋಷ್ಟಕದಲ್ಲಿ ಇರುವುದಿಲ್ಲ. ಅವುಗಳನ್ನು ಸರ್ವರಿನ ಎರರ್ ಲಾಗ್‌ನಲ್ಲಿ 3041 ಎಂಬ ಸಂಖ್ಯೆಯಡಿ ಹುಡುಕಬೇಕು. ಯಂತ್ರವೇ ಕೆಟ್ಟುಹೋದರೆ ಈ ಎರಡೂ ಅದರೊಂದಿಗೆ ಹೋಗುತ್ತವೆ ಎಂಬುದೇ ಇವುಗಳ ಕೊರತೆ. ಆದ್ದರಿಂದ ಸಂದೇಶದ ಫೈಲು ಬ್ಯಾಕಪ್ ಫೈಲಿನ ಪಕ್ಕದಲ್ಲಿ, ಅಂಗಡಿಯ ಹೊರಗೆ, ಇರಬೇಕು.

ಮರುಸ್ಥಾಪನೆಯ ದಿನ

ರೀಸ್ಟೋರ್ ಮಾಡುವ ದಿನ ಮಾಲೀಕರ ಮುಖದಲ್ಲಿ ಆತಂಕ, ಹೊರಗೆ ಗಿರಾಕಿಗಳು. ಆದೇಶ ಕೊಟ್ಟು ಐದು ನಿಮಿಷವಾದರೂ ಶೇಕಡಾ 10 ಎಂಬ ಸಂದೇಶ ಬಂದಿರುವುದಿಲ್ಲ. ಎಲ್ಲೋ ಸಿಕ್ಕಿಕೊಂಡಿದೆ ಎಂದು ಯಂತ್ರವನ್ನು ಆರಿಸಿಬಿಡುವುದು ಈ ಹಂತದಲ್ಲಿ ಆಗುವ ತಪ್ಪು. ಸರ್ವರ್ ಮೊದಲು ಡೇಟಾಬೇಸಿನ ಪೂರ್ತಿ ಗಾತ್ರದ ಖಾಲಿ ಕಡತಗಳನ್ನು ಡಿಸ್ಕಿನಲ್ಲಿ ಸಿದ್ಧಪಡಿಸಿಕೊಂಡು ನಂತರವೇ ತುಂಬಲು ಆರಂಭಿಸುತ್ತದೆ. ಆ ವೇಳೆ ಪ್ರಗತಿಯ ಅಂಕಿ ಸೊನ್ನೆಯಲ್ಲಿಯೇ ಇರುತ್ತದೆ. ಅದೇ ರೀತಿ ಶೇಕಡಾ 100 ಬಂದ ಮಾತ್ರಕ್ಕೆ ಮುಗಿಯಿತೆಂದಲ್ಲ. ದತ್ತಾಂಶದ ನಕಲು ಮುಗಿದ ಮೇಲೆ, ಬ್ಯಾಕಪ್ ನಡೆಯುವಾಗ ಅರ್ಧದಲ್ಲಿದ್ದ ವ್ಯವಹಾರಗಳನ್ನು ಪೂರ್ಣಗೊಳಿಸುವ ಅಥವಾ ಹಿಂತೆಗೆಯುವ ಕೆಲಸವಿರುತ್ತದೆ. 3014 ಬರುವವರೆಗೆ ಕಾಯಬೇಕು. ಕಾಯುತ್ತಿರುವಾಗ ಇನ್ನೊಂದು ಕಿಟಕಿಯಿಂದ, ಸರ್ವರಿನಲ್ಲಿ ನಡೆಯುತ್ತಿರುವ ಕೆಲಸಗಳ ಪಟ್ಟಿಯಲ್ಲಿ ‘ಪರ್ಸೆಂಟ್ ಕಂಪ್ಲೀಟ್’ ಎಂಬ ಕಂಬವನ್ನು ನೋಡಬಹುದು.

ಮರುಸ್ಥಾಪನೆಯ ದೋಷ ಸಂದೇಶಗಳಲ್ಲಿ 3101 ಎಂದರೆ ಡೇಟಾಬೇಸನ್ನು ಬೇರೆ ಯಾರೋ ಬಳಸುತ್ತಿದ್ದಾರೆ, ಬಿಲ್ಲಿಂಗ್ ಪರದೆಗಳನ್ನು ಮುಚ್ಚಿಸಬೇಕು. 3154 ಎಂದರೆ ಈ ಬ್ಯಾಕಪ್ ಬೇರೆ ಡೇಟಾಬೇಸಿನದು. ಇದನ್ನು ಬಲವಂತವಾಗಿ ದಾಟುವ ಮುನ್ನ ಎರಡು ಬಾರಿ ಯೋಚಿಸಬೇಕು, ಏಕೆಂದರೆ ಇರುವುದೂ ಹೋಗಬಹುದು. 3169 ಬಂದರೆ ಬ್ಯಾಕಪ್ ಮಾಡಿದ ಸರ್ವರ್ ಹೊಸ ಆವೃತ್ತಿಯದು, ಈಗಿನದು ಹಳೆಯದು. ಹೊಸದರ ಪ್ರತಿ ಹಳೆಯದಕ್ಕೆ ಹೋಗುವುದಿಲ್ಲ. ಕೆಟ್ಟ ಯಂತ್ರದ ಬದಲಿಗೆ ಅಂಗಡಿಯಲ್ಲಿದ್ದ ಹಳೆಯ ಯಂತ್ರವನ್ನು ಸಿದ್ಧಪಡಿಸಿದಾಗ ಹೀಗಾಗುತ್ತದೆ.

ಒಂದು ದೊಡ್ಡ ಸಂಸ್ಥೆಯ ಅನುಭವ

ಇವೆಲ್ಲ ಸಣ್ಣ ಊರಿನ, ಸಣ್ಣ ಅಂಗಡಿಯ ಸಮಸ್ಯೆಗಳೆಂದು ಭಾವಿಸಬೇಕಾಗಿಲ್ಲ. ಗಿಟ್‌ಲ್ಯಾಬ್ ಎಂಬ ಸಂಸ್ಥೆಯು ತಂತ್ರಾಂಶ ಬರೆಯುವವರ ಕೆಲಸವನ್ನು ಜೋಪಾನವಾಗಿ ಇಟ್ಟುಕೊಡುವುದನ್ನೇ ವೃತ್ತಿಯಾಗಿ ಉಳ್ಳದ್ದು. 2017ರ ಜನವರಿ 31ರಂದು ಅಲ್ಲಿನ ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಡೇಟಾಬೇಸಿನ ದತ್ತಾಂಶವನ್ನು ಅಳಿಸಿದರು. ಸುಮಾರು 300 ಗಿಗಾಬೈಟಿನಲ್ಲಿ ನಾಲ್ಕೂವರೆ ಗಿಗಾಬೈಟ್ ಉಳಿದಾಗ ತಪ್ಪು ಗಮನಕ್ಕೆ ಬಂತು. ಬ್ಯಾಕಪ್ ಇಡುತ್ತಿದ್ದ ಜಾಗವನ್ನು ತೆರೆದು ನೋಡಿದರೆ ಅದು ಖಾಲಿ. ಅವರು ಬಳಸುತ್ತಿದ್ದುದು ಪೋಸ್ಟ್‌ಗ್ರೆ ಎಂಬ ಡೇಟಾಬೇಸಿನ 9.6ನೆಯ ಆವೃತ್ತಿ, ಬ್ಯಾಕಪ್ ತೆಗೆಯುತ್ತಿದ್ದ ಉಪಕರಣ 9.2ನೆಯ ಆವೃತ್ತಿಯದು. ಆವೃತ್ತಿ ಹೊಂದದೆ ಅದು ದೋಷ ತೋರಿಸಿ ನಿಲ್ಲುತ್ತಿತ್ತು. ದೋಷವನ್ನು ತಿಳಿಸಲು ಇ-ಮೇಲ್ ವ್ಯವಸ್ಥೆಯೂ ಇತ್ತು. ಆದರೆ ಆ ಮೇಲ್‌ಗಳಲ್ಲಿ ಕಳುಹಿಸಿದವರನ್ನು ದೃಢೀಕರಿಸುವ ಸಹಿ ಸರಿಯಿಲ್ಲದೆ, ಪಡೆಯುವ ಸರ್ವರ್ ಅವುಗಳನ್ನು ತಿರಸ್ಕರಿಸುತ್ತಿತ್ತು. ಸಂದೇಶ ಹುಟ್ಟಿತು, ಹೊರಟಿತು, ತಲುಪಲಿಲ್ಲ. ಎಂಜಿನಿಯರೊಬ್ಬರು ಬೇರೊಂದು ಕೆಲಸಕ್ಕಾಗಿ ಸುಮಾರು ಆರು ಗಂಟೆಗಳ ಹಿಂದೆ ಕೈಯಿಂದ ತೆಗೆದಿದ್ದ ಪ್ರತಿಯೊಂದು ಅದೃಷ್ಟವಶಾತ್ ಇದ್ದುದರಿಂದ ಸಂಸ್ಥೆ ಚೇತರಿಸಿಕೊಂಡಿತು. ಆ ಆರು ಗಂಟೆಗಳ ದತ್ತಾಂಶ ಹೋಯಿತು. ನಡೆದುದೆಲ್ಲವನ್ನೂ ಸಂಸ್ಥೆ ತಾನೇ ಬಹಿರಂಗವಾಗಿ ಪ್ರಕಟಿಸಿತು ಎಂಬುದನ್ನು ಮೆಚ್ಚಬೇಕು.

ಪೋಸ್ಟ್‌ಗ್ರೆ ಬಳಸುವ ನಮ್ಮ ಸದಸ್ಯರು ಗಮನಿಸಬೇಕಾದುದು: ಅದರ ‘ಪಿಜಿ-ಡಂಪ್’ ಉಪಕರಣವು ದತ್ತಾಂಶವನ್ನು ಒಂದು ಹೊರದಾರಿಯಲ್ಲಿಯೂ ಸಂದೇಶಗಳನ್ನು ಇನ್ನೊಂದು ಹೊರದಾರಿಯಲ್ಲಿಯೂ ಕಳುಹಿಸುತ್ತದೆ. ಎರಡನೆಯದನ್ನು ಪ್ರತ್ಯೇಕವಾಗಿ ಫೈಲಿಗೆ ತಿರುಗಿಸದಿದ್ದರೆ ಅದು ಕಳೆದುಹೋಗುತ್ತದೆ. ಮೈಎಸ್‌ಕ್ಯೂಎಲ್‌ನ ‘ಮೈಎಸ್‌ಕ್ಯೂಎಲ್‌ಡಂಪ್’ ಕೂಡ ಹಾಗೆಯೇ. ಅದರಲ್ಲಿ ಒಂದು ಅನುಕೂಲವಿದೆ: ಸಾಮಾನ್ಯ ವಿಧಾನದಲ್ಲಿ ಪೂರ್ಣಗೊಂಡ ಫೈಲಿನ ಕಟ್ಟಕಡೆಯ ಸಾಲಿನಲ್ಲಿ ಡಂಪ್ ಮುಗಿದಿದೆ ಎಂದು ಬರೆದಿರುತ್ತದೆ. ಆ ಸಾಲು ಕಾಣದಿದ್ದರೆ ಫೈಲು ಅಪೂರ್ಣವೆಂದು ಶಂಕಿಸಬೇಕು.

ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ತಂತ್ರಾಂಶವನ್ನು ಬಳಸುವವರಿಗೆ ಮೇಲಿನ ಸಂಖ್ಯೆಗಳು ಅನ್ವಯಿಸುವುದಿಲ್ಲ. ಟ್ಯಾಲಿ ತನ್ನದೇ ವಿನ್ಯಾಸದಲ್ಲಿ ದತ್ತಾಂಶವನ್ನು ಇಡುತ್ತದೆ, ಬ್ಯಾಕಪ್ಪಿಗೂ ತನ್ನದೇ ಮೆನು ಇದೆ. ಅವರು ಫೈಲಿನ ದಿನಾಂಕ, ಗಾತ್ರ ಹಾಗೂ ಕಂಪನಿಯ ಹೆಸರನ್ನು ಬರೆದಿಟ್ಟು, ಬೇರೊಂದು ಫೋಲ್ಡರಿಗೆ ಆಗಾಗ ರೀಸ್ಟೋರ್ ಮಾಡಿ ನೋಡುವುದೇ ಮಾರ್ಗ. ಬಳಕೆಯಲ್ಲಿರುವ ಫೋಲ್ಡರಿಗೆ ಮಾತ್ರ ಪ್ರಯೋಗ ಮಾಡಬಾರದು.

ಕಾನೂನಿನ ದೃಷ್ಟಿ

ಕೇಂದ್ರ ಜಿ.ಎಸ್.ಟಿ. ನಿಯಮಗಳ 57ನೆಯ ನಿಯಮವು ವಿದ್ಯುನ್ಮಾನ ದಾಖಲೆಗಳಿಗೆ ಸೂಕ್ತ ಬ್ಯಾಕಪ್ ಇರಬೇಕೆಂದೂ, ಅಪಘಾತ ಅಥವಾ ನೈಸರ್ಗಿಕ ಕಾರಣದಿಂದ ದಾಖಲೆ ನಾಶವಾದರೆ ಸಮಂಜಸ ಅವಧಿಯೊಳಗೆ ಮಾಹಿತಿಯನ್ನು ಮರುಸ್ಥಾಪಿಸಲು ಸಾಧ್ಯವಾಗುವಂತೆ ಅದನ್ನು ಕಾಪಾಡಬೇಕೆಂದೂ ಹೇಳುತ್ತದೆ. ನಿಯಮವು ಬ್ಯಾಕಪ್ ಇದೆಯೇ ಎಂದು ಮಾತ್ರ ಕೇಳುತ್ತಿಲ್ಲ, ಮರಳಿ ಬರುತ್ತದೆಯೇ ಎಂದೂ ಕೇಳುತ್ತಿದೆ. ಅಧಿನಿಯಮದ 36ನೆಯ ಕಲಮಿನ ಪ್ರಕಾರ ದಾಖಲೆಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಗಡುವಿನಿಂದ 72 ತಿಂಗಳು ಕಾಪಾಡಬೇಕು. ಮೇಲ್ಮನವಿ ಬಾಕಿಯಿದ್ದರೆ ಇನ್ನೂ ಹೆಚ್ಚು. ಆರು ವರ್ಷದ ಹಿಂದಿನ ಪ್ರತಿಯನ್ನು ತೆರೆಯಲು ಅಂದಿನ ತಂತ್ರಾಂಶವೂ ಬೇಕಾಗುತ್ತದೆ ಎಂಬುದನ್ನು ತಂತ್ರಾಂಶ ಬದಲಿಸುವಾಗ ಹೆಚ್ಚಿನವರು ಮರೆಯುತ್ತಾರೆ.

ಪ್ರೈವೇಟ್ ಲಿಮಿಟೆಡ್ ಆಗಿ ನೋಂದಾಯಿಸಿಕೊಂಡ ಸಣ್ಣ ಕೈಗಾರಿಕೆಗಳಿಗೆ ಇನ್ನೊಂದು ಕಟ್ಟುಪಾಡಿದೆ. ಕಂಪನಿಗಳ (ಲೆಕ್ಕಪತ್ರ) ನಿಯಮಗಳು, 2014ರ 3ನೆಯ ನಿಯಮದಲ್ಲಿ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ‘ಕಾಲಕಾಲಕ್ಕೆ’ ಇಡಬೇಕೆಂದಿತ್ತು. 2022ರ ಆಗಸ್ಟ್ ತಿಂಗಳ ತಿದ್ದುಪಡಿಯು ಅದನ್ನು ‘ಪ್ರತಿದಿನ’ ಎಂದು ಬದಲಿಸಿತು. ಪ್ರತಿದಿನ ಮಾಡಲಾಗಿದೆ ಎಂಬುದನ್ನು ಲೆಕ್ಕಪರಿಶೋಧಕರ ಮುಂದೆ ಯಾವುದರಿಂದ ತೋರಿಸುವುದು? ಸ್ಥಳವಿಲ್ಲದ ಕಾರಣ ಹಳೆಯ ಬ್ಯಾಕಪ್ ಫೈಲುಗಳನ್ನು ಅಳಿಸಿರುತ್ತಾರೆ. ಒಂದೆರಡು ಕಿಲೋಬೈಟಿನ ಸಂದೇಶದ ಫೈಲುಗಳನ್ನಾದರೆ ವರ್ಷಗಟ್ಟಲೆ ಇಡಬಹುದು. 365 ದಿನಗಳ ಸಂದೇಶಗಳು ಒಂದು ಫೋಲ್ಡರಿನಲ್ಲಿದ್ದರೆ ಲೆಕ್ಕಪರಿಶೋಧಕರ ಪ್ರಶ್ನೆಗೆ ಉತ್ತರ ಅಲ್ಲಿಯೇ ಇರುತ್ತದೆ. ನಡುವೆ ಹನ್ನೊಂದು ದಿನ ಇಲ್ಲವೆಂದರೆ ಅದೂ ತಿಳಿಯುತ್ತದೆ. ವಿದ್ಯುತ್ ಇರಲಿಲ್ಲವೇ, ಯಂತ್ರ ದುರಸ್ತಿಯಲ್ಲಿತ್ತೇ ಎಂದು ಅಂದೇ ಬರೆದಿಡಬಹುದು. ಮಾಲೀಕತ್ವದ ಮತ್ತು ಪಾಲುದಾರಿಕೆಯ ಸಂಸ್ಥೆಗಳಿಗೆ ಈ ಕಂಪನಿ ನಿಯಮ ಅನ್ವಯಿಸದಿದ್ದರೂ ಜಿ.ಎಸ್.ಟಿ. ನೋಂದಣಿ ಇದ್ದಲ್ಲಿ 57ನೆಯ ನಿಯಮ ತಪ್ಪುವುದಿಲ್ಲ.

ಬ್ಯಾಕಪ್ ಫೈಲು ಓದಲು ಬರುವಂತಿದೆಯೇ ಎಂದು ಪರಿಶೀಲಿಸಲು ‘ವೆರಿಫೈಓನ್ಲಿ’ ಎಂಬ ಆದೇಶವಿದೆ. ಬ್ಯಾಕಪ್ ಮಾಡುವಾಗಲೇ ‘ಚೆಕ್‌ಸಮ್’ ಷರತ್ತನ್ನು ಸೇರಿಸಿದ್ದರೆ ಅದರ ಪರಿಶೀಲನೆ ಹೆಚ್ಚು ಬಿಗಿಯಾಗುತ್ತದೆ. ಆದರೂ ಒಳಗಿನ ಲೆಕ್ಕ ಸರಿಯಿದೆಯೆಂದು ಅದು ಹೇಳಲಾರದು. ಅದನ್ನು ಹೇಳಬಲ್ಲದ್ದು ಇನ್ನೊಂದು ಯಂತ್ರದಲ್ಲಿ ನಿಜವಾಗಿ ಮಾಡಿದ ಮರುಸ್ಥಾಪನೆ ಮಾತ್ರ. ಮೂರು ತಿಂಗಳಿಗೊಮ್ಮೆ, ಸಾಧ್ಯವಾದರೆ ಹರಾಜು ಆರಂಭವಾಗುವ ಮುನ್ನ ಒಂದು ಭಾನುವಾರ, ಹಿಂದಿನ ರಾತ್ರಿಯ ಫೈಲನ್ನು ಬೇರೆ ಯಂತ್ರಕ್ಕೆ ರೀಸ್ಟೋರ್ ಮಾಡಬೇಕು. ಕೊನೆಯ ಬಿಲ್ಲಿನ ಸಂಖ್ಯೆ, ನಗದು ಶಿಲ್ಕು ಮತ್ತು ಗಿರಾಕಿಗಳ ಒಟ್ಟು ಬಾಕಿ, ಈ ಮೂರು ಅಂಕಿಗಳನ್ನು ಅಂಗಡಿಯ ಯಂತ್ರದೊಂದಿಗೆ ತಾಳೆ ನೋಡಬೇಕು. ತಾಳೆಯಾದರೆ ರೀಸ್ಟೋರ್ ಸಂದೇಶವನ್ನು ಮುದ್ರಿಸಿ, ಆ ಮೂರು ಅಂಕಿಗಳನ್ನು ಅದರ ಕೆಳಗೆ ಬರೆದು, ದಿನಾಂಕ ಹಾಕಿ, ಗುಮಾಸ್ತರೂ ಮಾಲೀಕರೂ ಸಹಿ ಮಾಡಿ ವೋಚರ್ ಫೈಲಿನಲ್ಲಿ ಸೇರಿಸತಕ್ಕದ್ದು.